ಏಳನೇ ಬಾವಿಯ ಮಳೆಗಾಲ

ಅವನ ಕೋಟಿನ ಬಲಗಡೆಯ ಜೇಬು ಸದಾ ಬೆಳ್ಳಗಿರುತ್ತಿತ್ತು. ಜೇಬಿನಲ್ಲಿ ಸೀಮೆಸುಣ್ಣ. ಅವನು ಮೇಷ್ಟರೂ ಅಲ್ಲ, ದರ್ಜಿಯೂ ಅಲ್ಲ, ನೀರಿನ ಇಲಾಖೆಯ ಅಳತೆಗಾರ. ಊರಿನವರು ಸುಣ್ಣಪ್ಪ ಎಂದು ಕರೆದೂ ಕರೆದೂ, ಕಡೆಗೆ ಅವನ ಹೆಂಡತಿಯೂ ಸಿಟ್ಟು ಬಂದಾಗ ಅದೇ ಹೆಸರಿನಿಂದ ಕೂಗತೊಡಗಿದಳು. ಆಕೆಗೆ ಸಿಟ್ಟು ಬಾರದ ದಿನ ಕಡಿಮೆ ಇದ್ದುದರಿಂದ ನಿಜವಾದ ಹೆಸರು ಕಚೇರಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು.

ಕೆಲಸ ಹೇಳುವುದಕ್ಕೆ ಸುಲಭ. ಊರಿನ ಸುತ್ತ ಇಲಾಖೆಯವರು ಹನ್ನೆರಡು ಕಡೆ ನೆಲದೊಳಕ್ಕೆ ಕಬ್ಬಿಣದ ಕೊಳವೆ ಇಳಿಸಿದ್ದರು. ಅಂಗೈ ಅಗಲದ ಕೊಳವೆ, ಮೇಲೊಂದು ಮುಚ್ಚಳ, ಮುಚ್ಚಳಕ್ಕೊಂದು ಬೀಗ. ನೀರು ಸೇದುವ ಬಾವಿಗಳಲ್ಲ, ನೀರು ಎಷ್ಟು ಆಳದಲ್ಲಿದೆ ಎಂದು ನೋಡುವ ಬಾವಿಗಳು. ತಿಂಗಳಿಗೊಮ್ಮೆ ಸುಣ್ಣಪ್ಪ ಪ್ರತಿ ಬಾವಿಗೂ ಹೋಗಿ, ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಬಳಿದು ಒಳಗೆ ಇಳಿಬಿಡಬೇಕು. ಮೇಲೆಳೆದಾಗ ಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿ ಕಪ್ಪಾಗಿದೆಯೋ ಅಲ್ಲಿಗೆ ನೀರು. ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಂಡು ಮುಂದಿನ ಬಾವಿಗೆ ನಡೆಯಬೇಕು. “ಸುಣ್ಣ ಸುಳ್ಳು ಹೇಳಲ್ಲ” ಎಂದು ಅವನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ಅದು ನಿಜ. ಸುಣ್ಣ ಯಾವತ್ತೂ ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದ್ದು ಅವನ ಪೆನ್ಸಿಲು.

ಹನ್ನೆರಡರಲ್ಲಿ ಹನ್ನೊಂದು ಬಾವಿಗಳು ಸಾಧು ಪ್ರಾಣಿಗಳು, ರಸ್ತೆ ಪಕ್ಕದಲ್ಲೇ ಇದ್ದವು. ಏಳನೆಯದು ಮಾತ್ರ ಹಳ್ಳದಾಚೆ, ಗುಡ್ಡದ ಇಳಿಜಾರಿನಲ್ಲಿತ್ತು. ವರ್ಷದ ಎಂಟು ತಿಂಗಳು ಹಳ್ಳವನ್ನು ಕಲ್ಲಿನಿಂದ ಕಲ್ಲಿಗೆ ದಾಟಿ ಹೋಗಬಹುದಿತ್ತು. ಮಳೆಗಾಲದ ನಾಲ್ಕು ತಿಂಗಳು ಹಳ್ಳ ತುಂಬಿ ಹರಿಯುತ್ತಿತ್ತು, ದಾಟುವ ಮಾತೇ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ಮಳೆಗಾಲ ಸುಣ್ಣಪ್ಪ ಪ್ರಾಮಾಣಿಕನಾಗಿ ನಮೂನೆಯಲ್ಲಿ ಏಳನೇ ಬಾವಿಯ ಮನೆಯನ್ನು ಖಾಲಿ ಬಿಟ್ಟು ಕಳುಹಿಸಿದ. ಅದು ಮುಖ್ಯ ಕಚೇರಿಯಿಂದ ಕೆಂಪು ಗೆರೆ ಎಳೆಸಿಕೊಂಡು ವಾಪಸ್ ಬಂತು. ‘ಹಳ್ಳ ದಾಟಲಾಗಲಿಲ್ಲ’ ಎಂದು ಬರೆದು ಕಳುಹಿಸಿದ. ಮತ್ತೆ ವಾಪಸ್. ಮೂರನೇ ಸಲ ಬಂದಾಗ ಮೇಲ್ವಿಚಾರಕ ಅವನನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈ ಹಾಕಿದ.

“ನೋಡಪ್ಪ, ಆ ನಮೂನೆಗೆ ಅಕ್ಷರ ತಿಳಿಯಲ್ಲ, ಅಂಕಿ ಮಾತ್ರ ತಿಳಿಯುತ್ತೆ. ಹೋದ ತಿಂಗಳು ಎಷ್ಟಿತ್ತು?”

“ಮೂವತ್ತೊಂದು ಮೀಟರು, ಸಾರ್.”

“ಅದನ್ನೇ ಒಂಚೂರು ಆಚೀಚೆ ಮಾಡಿ ಬರಿ. ಗುಡ್ಡ ಎಲ್ಲಿಗೆ ಓಡಿಹೋಗುತ್ತೆ? ಎಲ್ರೂ ಮಾಡೋದೇ ಅಲ್ವಾ?”

ಇಂಥ ಅಳತೆಗೆ ಇಲಾಖೆಯಲ್ಲಿ ಒಂದು ಹೆಸರೇ ಇತ್ತು, ಮೇಜಿನ ಬಾವಿ. ಮೇಜಿನ ಮುಂದೆ ಕೂತು ಅಳೆಯುವ ಬಾವಿ. ಚಹಾ ಕುಡಿಯುತ್ತ ‘ಈ ಸಲ ನಿಂದು ಎಷ್ಟು ಮೇಜಿನ ಬಾವಿ?’ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡು ನಗುತ್ತಿದ್ದರು. ಸುಣ್ಣಪ್ಪನದು ಒಂದೇ. ಉಳಿದ ಹನ್ನೊಂದು ಬಾವಿಗಳಿಗೆ ಅವನು ಜ್ವರದಲ್ಲೂ ಹೋದ, ಹೆಂಡತಿ ತೀರಿಕೊಂಡ ವಾರವೂ ಹೋದ. ಹೀಗಾಗಿ ತಾನು ಇಲಾಖೆಯಲ್ಲೇ ಪ್ರಾಮಾಣಿಕ ಎಂದು ಅವನು ನಂಬಿದ್ದ. ಹೋಲಿಸಿ ನೋಡಿದರೆ ಹೌದು ಕೂಡ. ಹೋಲಿಸಿ ನೋಡಿ ಪ್ರಾಮಾಣಿಕರಾದವರಿಂದಲೇ ಈ ಲೋಕದ ಕಚೇರಿಗಳು ನಡೆಯುತ್ತಿವೆ.

ಹದಿನಾಲ್ಕನೇ ವರ್ಷ ಒಂದು ಘಟನೆ ನಡೆಯಿತು. ಮಳೆಗಾಲದ ನಡುವೆ ಎರಡು ದಿನ ಮಳೆ ಬಿಟ್ಟು ಹಳ್ಳ ಇಳಿಯಿತು. ಇದೊಂದು ಸಲ ನೋಡಿಯೇ ಬಿಡೋಣ ಎಂದು ಸುಣ್ಣಪ್ಪ ಸೊಂಟದವರೆಗೆ ನೀರಿನಲ್ಲಿ ಇಳಿದು ದಾಟಿದ. ಏಳನೇ ಬಾವಿಗೆ ಟೇಪು ಬಿಟ್ಟು ಎಳೆದರೆ, ಟೇಪು ತುದಿಯಿಂದ ಬಹಳ ಮೇಲಿನವರೆಗೂ ನೀರು ಸುರಿಸಿಕೊಂಡು ಬಂತು. ಸುಣ್ಣವೆಲ್ಲ ತೊಳೆದುಹೋಗಿತ್ತು. ತನ್ನದೇ ತಪ್ಪಿರಬೇಕೆಂದು ಅಂಗಿಯಿಂದ ಟೇಪು ಒರೆಸಿ, ಇನ್ನೂ ಮೇಲಕ್ಕೆ ಸುಣ್ಣ ಬಳಿದು ಮತ್ತೆ ಬಿಟ್ಟ. ಮೂರು ಸಲ ಅಳೆದ. ಮೂರು ಸಲವೂ ಹನ್ನೊಂದು ಮೀಟರು. ಮೂವತ್ತೊಂದರಲ್ಲಿ ಇರಬೇಕಾದ ನೀರು ಗುಡ್ಡದೊಳಗೆ ಇಪ್ಪತ್ತು ಮೀಟರು ಮೇಲೆದ್ದು ಬಂದಿತ್ತು.

ಸುಣ್ಣಪ್ಪ ಕೊಳವೆಯ ಪಕ್ಕ ಒದ್ದೆ ಚಡ್ಡಿಯಲ್ಲಿ ಅರ್ಧ ಗಂಟೆ ಕುಳಿತ. ಹನ್ನೊಂದು ಎಂದು ಬರೆದರೆ ಮೇಲಿನವರು ಕೇಳುತ್ತಾರೆ, ಹೋದ ತಿಂಗಳು ಮೂವತ್ತೊಂದು ಇತ್ತಲ್ಲ, ಹೋದ ವರ್ಷ ಇದೇ ತಿಂಗಳು ಮೂವತ್ತೊಂದು ಇತ್ತಲ್ಲ, ಆವಾಗ ಏನು ಅಳೆದೆ? ಹದಿಮೂರು ವರ್ಷದ ಬಣ್ಣ ಒಂದೇ ಅಂಕಿಯಿಂದ ಬಯಲಾಗುತ್ತದೆ. ಗುಡ್ಡದ ಹೊಟ್ಟೆಯಲ್ಲಿ ನೀರು ಎಲ್ಲಿದ್ದರೆ ಯಾರಿಗೇನು ನಷ್ಟ? ಅಲ್ಲಿ ಮನೆಯೇ, ಮಠವೇ? ಪೆನ್ಸಿಲು ನಾಲಿಗೆಗೆ ತಾಗಿಸಿ ಬರೆದ: ೩೧.೦೪. ನಾಲ್ಕು ಸೆಂಟಿಮೀಟರು ಸಹಜವಾಗಿ ಕಾಣಲಿ ಎಂದು ಸೇರಿಸಿದ್ದು. ಹಿಂದಿರುಗಿ ಬರುವಾಗ ಅವನಿಗೆ ಹಳ್ಳದ ತಣ್ಣೀರು ತಾಗಿದ್ದೂ ಗೊತ್ತಾಗಲಿಲ್ಲ.

ಇಪ್ಪತ್ತಾರು ವರ್ಷ ಮುಗಿಸಿ ನಿವೃತ್ತನಾದಾಗ ಇಲಾಖೆ ಅವನಿಗೊಂದು ಪ್ರಶಂಸಾಪತ್ರ ಕೊಟ್ಟಿತು. ‘ಸೇವಾವಧಿಯಲ್ಲಿ ನಮೂನೆಯ ಒಂದು ಮನೆಯನ್ನೂ ಖಾಲಿ ಬಿಡದ ಅಳತೆಗಾರ’. ಮಗಳು ಅದಕ್ಕೆ ಕಟ್ಟು ಹಾಕಿಸಿ ತನ್ನ ಲಾಂಡ್ರಿಯ ಇಸ್ತ್ರಿ ಕೋಣೆಯಲ್ಲಿ ನೇತುಹಾಕಿದಳು.

ಮಗಳ ಲಾಂಡ್ರಿ ಗುಡ್ಡದ ಬುಡದಲ್ಲಿ, ಊರಿನ ಕಡೆಯ ಬೀದಿಯಲ್ಲಿತ್ತು. ಹಿತ್ತಲಲ್ಲಿ ಸ್ವಂತ ಬಾವಿ, ಅದರ ನೀರಿನ ಮೇಲೇ ಬದುಕು. ಎರಡು ಆಸ್ಪತ್ರೆಗಳ ಹೊದಿಕೆಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಮುಂದಿನ ಕೋಣೆಯಲ್ಲಿ ಹಬೆ, ಒಳಗೆ ಸೋಪಿನ ವಾಸನೆ, ನಡುವೆ ಎರಡಾಳುದ್ದದ ಇಸ್ತ್ರಿ ಮೇಜು. ಸುಣ್ಣಪ್ಪನ ಮಧ್ಯಾಹ್ನದ ಊಟ ದಿನವೂ ಆ ಮೇಜಿನ ಒಂದು ಮೂಲೆಯಲ್ಲೇ. ಅವನಿಗಿದ್ದ ಎರಡು ಕೋಣೆಯ ಬಾಡಿಗೆ ಮನೆ ನಾಲ್ಕು ಬೀದಿ ಆಚೆ. ಊಟಕ್ಕೆ ಹತ್ತು ನಿಮಿಷ ತಡವಾದರೆ ಮಗಳು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

ನಿವೃತ್ತನಾದ ಮೂರನೇ ವರ್ಷ ಪ್ರಾಧಿಕಾರ ಬಂತು. ಅಣುಸ್ಥಾವರಗಳ ಕಸವನ್ನು ಎಲ್ಲಿ ಹೂಳಬೇಕು ಎಂದು ತೀರ್ಮಾನಿಸುವ ಪ್ರಾಧಿಕಾರ. ಅದು ಊರಿನ ಗುಡ್ಡವನ್ನು ಆರಿಸಿಕೊಂಡಿತ್ತು. ಇಪ್ಪತ್ತು ಮೀಟರು ಆಳದಲ್ಲಿ ಕಾಂಕ್ರೀಟು ಕೋಣೆಗಳು, ಕೋಣೆಗಳ ತುಂಬ ವಿಕಿರಣದ ಕಸ ತುಂಬಿದ ಪೀಪಾಯಿಗಳು. ನೀರು ವರ್ಷವಿಡೀ ಅದಕ್ಕಿಂತ ಹನ್ನೊಂದು ಮೀಟರು ಕೆಳಗೇ ಇರುವುದರಿಂದ ಅಪಾಯ ನಗಣ್ಯ ಎಂದು ದಪ್ಪನೆಯ ವರದಿ ಹೇಳಿತು. ಆಕ್ಷೇಪಣೆ ಇದ್ದವರು ಅರವತ್ತು ದಿನದೊಳಗೆ ಬರೆದು ಕೊಡಬಹುದು.

ಮಗಳು ಆ ಅರವತ್ತು ದಿನ ಇಸ್ತ್ರಿ ಮೇಜಿನ ಅರ್ಧವನ್ನು ಕಾಗದಗಳಿಗೆ ಬಿಟ್ಟುಕೊಟ್ಟಳು. ಬೀದಿಯವರೆಲ್ಲ ಬಂದು ಸಹಿ ಹಾಕಿದರು. ಒಂದು ಮಧ್ಯಾಹ್ನ ಅವಳು ತಂದೆಯ ತಟ್ಟೆಗೆ ಬಡಿಸುತ್ತ ಕೇಳಿದಳು.

“ಅಪ್ಪ, ವರದೀಲಿ ಎಲ್ಲ ಕಡೆ ಏಳನೇ ಬಾವಿ, ಏಳನೇ ಬಾವಿ ಅಂತಾನೇ ಇದೆ. ಅದನ್ನ ಅಳೆದೋನು ನೀನು. ಮಳೆಗಾಲದಲ್ಲಿ ನಿಜವಾಗ್ಲೂ ಅಷ್ಟು ಕೆಳಗಿತ್ತಾ?”

ಅವನು ತಟ್ಟೆಯಿಂದ ಕಣ್ಣೆತ್ತಿದ. ಎದುರಿನ ಗೋಡೆಯಲ್ಲಿ ಗಾಜಿನೊಳಗಿಂದ ಪ್ರಶಂಸಾಪತ್ರ ನೋಡುತ್ತಿತ್ತು. ಹೇಳಿಬಿಡಬೇಕೆಂದು ಅವನಿಗೆ ಅನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಅನಿಸಿತು. ಆದರೆ ಈ ಬೀದಿಯಲ್ಲಿ ತಲೆಯೆತ್ತಿ ನಡೆದ ಇಷ್ಟು ವರ್ಷ, ಅಪ್ಪ ಅಂದರೆ ಗಡಿಯಾರ ಅನ್ನುವ ಈ ಮಗಳು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು ನಿಂತವು. ಓದಿದವರು, ದೊಡ್ಡವರು, ಇಷ್ಟು ದೊಡ್ಡ ಕೆಲಸಕ್ಕೆ ತಾವೇ ಒಮ್ಮೆ ಅಳೆದು ನೋಡದೆ ಇರುತ್ತಾರೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

“ನನ್ನ ಪುಸ್ತಕ ಸರಿಯಾಗೇ ಇದೆ” ಎಂದ. “ನೀನು ಬೇರೆ ಏನಾದ್ರೂ ಬರಿ.”

ಅವಳು ಬೇರೆ ಏನೇನೋ ಬರೆದಳು. ಭೂಕಂಪ, ಲಾರಿಗಳ ಓಡಾಟ, ಪೀಪಾಯಿಗೆ ತುಕ್ಕು. ಅರವತ್ತು ದಿನ ಮುಗಿಯಿತು. ಪ್ರಾಧಿಕಾರ ಎಲ್ಲವನ್ನೂ ಓದಿ, ಎಲ್ಲದಕ್ಕೂ ಒಂದೊಂದು ಸಾಲಿನ ಉತ್ತರ ಕೊಟ್ಟು, ಗುಡ್ಡವೇ ಖಾಯಂ ಎಂದಿತು. ಬೀದಿಯವರು ಮಗಳನ್ನು ಮುಂದೆ ಮಾಡಿಕೊಂಡು ಕೋರ್ಟಿಗೆ ಹೋದರು.

ವಕೀಲೆ ಮೊದಲ ದಿನವೇ ಬಿಡಿಸಿ ಹೇಳಿದಳು. “ಗುಡ್ಡದಲ್ಲಿ ನೀರೆಷ್ಟಿದೆ ಅಂತ ಕೋರ್ಟು ನೋಡಲ್ಲಮ್ಮ. ಅಡುಗೆ ರುಚಿಯಾಗಿದೆಯಾ ಅಂತ ನೋಡೋದು ಅವರ ಕೆಲಸ ಅಲ್ಲ. ಅಡುಗೆಯವನು ಕೈ ತೊಳೆದ್ನಾ, ಮುಂದಿದ್ದ ಸಾಮಾನು ನೋಡಿ ಹಾಕಿದ್ನಾ, ಕಣ್ಣು ಮುಚ್ಕೊಂಡು ಹಾಕಿದ್ನಾ, ಅಷ್ಟೇ ನೋಡ್ತಾರೆ. ಮಳೆಗಾಲದ ನೀರಿನ ಬಗ್ಗೆ ಪ್ರಾಧಿಕಾರ ಬೇರೆಯಾಗಿ ಯೋಚನೇನೇ ಮಾಡಿಲ್ಲ ಅಂತ ನಾವು ವಾದ ಮಾಡೋಣ. ಅದೊಂದೇ ನಮಗಿರೋ ಬಾಗಿಲು.”

ಆ ಬಾಗಿಲಿಗೆ ತನ್ನ ಪುಸ್ತಕವೇ ಅಡ್ಡ ನಿಲ್ಲುತ್ತದೆ ಎಂದು ಮಗಳ ಜೊತೆ ಹೋಗಿದ್ದ ಸುಣ್ಣಪ್ಪನಿಗೆ ಅಲ್ಲೇ ತಿಳಿಯಿತು. ಅಲ್ಲೂ ಬಾಯಿ ಬಿಡಲಿಲ್ಲ.

ಕೋರ್ಟಿನ ಸಭಾಂಗಣದಲ್ಲಿ ಎತ್ತರದ ಕಿಟಕಿಗಳು, ಕಿರುಗುಟ್ಟುವ ಬೆಂಚುಗಳು. ಸುಣ್ಣಪ್ಪ ಮಗಳ ಪಕ್ಕ ಕೂತಿದ್ದ. ವಕೀಲೆ ಮಳೆಗಾಲದ ಮಾತೆತ್ತಿದ ಕೂಡಲೇ ಪ್ರಾಧಿಕಾರದ ವಕೀಲ ಎದ್ದು ನಿಂತು ಒಂದು ಕಟ್ಟು ಎತ್ತಿ ಹಿಡಿದ. ನೀಲಿ ರಟ್ಟು, ಮೂಲೆಯಲ್ಲಿ ಬಿಳಿಯ ಬೆರಳಚ್ಚುಗಳು. ತನ್ನ ಸುಣ್ಣದ ಬೆರಳುಗಳನ್ನು ಸುಣ್ಣಪ್ಪ ಇಡೀ ಸಭಾಂಗಣದಾಚೆಯಿಂದ ಗುರುತಿಸಿದ.

“ಯೋಚನೆ ಮಾಡಿಲ್ಲ ಅಂತಾರೆ, ಸ್ವಾಮಿ. ಇಪ್ಪತ್ತಾರು ಮಳೆಗಾಲ. ನೂರ ನಾಲ್ಕು ತಿಂಗಳು. ಪ್ರತಿ ತಿಂಗಳಿಗೂ ಒಂದು ಅಳತೆ ಇದೆ, ಒಂದೂ ಬಿಟ್ಟುಹೋಗಿಲ್ಲ. ಮೂವತ್ತೊಂದಕ್ಕಿಂತ ಒಂದು ಅಂಗೈಯಷ್ಟೂ ಮೇಲೆ ಬಂದಿಲ್ಲ ನೀರು. ಇದಕ್ಕಿಂತ ಒಳ್ಳೆ ಆಧಾರ ಯಾವ ಪ್ರಾಧಿಕಾರಕ್ಕೆ ಸಿಗುತ್ತೆ? ಇದನ್ನ ಬರೆದೋರು ಅರ್ಜಿದಾರರ ಸ್ವಂತ ತಂದೆ.”

ಮಗಳು ತಂದೆಯ ಕಡೆ ತಿರುಗಿದಳು. ಆ ನೋಟದಲ್ಲಿ ಸಂಶಯವಿದ್ದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಸಂಶಯ ಇರಲಿಲ್ಲ. ಸೋಲುತ್ತಿದ್ದೇವೆ, ಆದರೂ ನಮ್ಮಪ್ಪನ ಕೆಲಸ ನೋಡಿ ಹೇಗಿದೆ ಎನ್ನುವ ಹೆಮ್ಮೆ ಇತ್ತು. ಅದನ್ನು ನೋಡಿಯೇ ಅವನ ಕಟ್ಟೆ ಒಡೆಯಿತು.

ಮಧ್ಯಾಹ್ನದ ಬಿಡುವಿನಲ್ಲಿ, ಕಲ್ಲು ಹಾಸಿದ ಪಡಸಾಲೆಯಲ್ಲಿ, ಅವನು ಮಗಳಿಗೂ ವಕೀಲೆಗೂ ಎಲ್ಲ ಹೇಳಿದ. ಮೇಜಿನ ಬಾವಿ, ಹದಿನಾಲ್ಕನೇ ವರ್ಷ, ಹನ್ನೊಂದು ಮೀಟರು. ವಕೀಲೆ ಬರೆದುಕೊಳ್ಳುತ್ತಾ ಹೋದಳು. ಮಗಳು ಗೋಡೆಗೆ ಒರಗಿ ನಿಂತಿದ್ದಳು. ಒಂದೇ ಮಾತು ಕೇಳಿದಳು.

“ಆ ಅರವತ್ತು ದಿನ ನೀನು ದಿನಾ ನಮ್ಮನೇಲೇ ಊಟ ಮಾಡ್ದೆ, ಅಲ್ವಾ ಅಪ್ಪ?”

ಅವನು ತಲೆಯಾಡಿಸಿದ. ಅವಳು ಲೆಕ್ಕ ಮಾಡುವವಳ ಹಾಗೆ ಒಮ್ಮೆ ಕಣ್ಣು ಮುಚ್ಚಿ ತೆರೆದು, ಕೈಚೀಲ ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ವಾಯಿದೆಗೆ ವಕೀಲೆ ಸುಣ್ಣಪ್ಪ ಪ್ರಮಾಣ ಮಾಡಿ ಬರೆಸಿದ ಹೇಳಿಕೆ ಸಲ್ಲಿಸಿದಳು. ನ್ಯಾಯಾಧೀಶರು ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಹಗುರಾಗಬಹುದಿತ್ತು. ಕನ್ನಡಕ ತೆಗೆದಿಟ್ಟು, ಪೂರ್ತಿ ಓದಿ, ಮೃದುವಾಗಿಯೇ ಕೇಳಿದರು.

“ಇದನ್ನ ಇವರು ಆ ಅರವತ್ತು ದಿನದೊಳಗೆ ಪ್ರಾಧಿಕಾರಕ್ಕೆ ತಿಳಿಸಿದ್ರಾ?”

“ಇಲ್ಲ, ಸ್ವಾಮಿ.”

“ಆಗ ಊರಲ್ಲಿ ಇರಲಿಲ್ವಾ?”

ಪ್ರಾಧಿಕಾರದ ವಕೀಲ ಎದ್ದ. “ಇದ್ರು, ಸ್ವಾಮಿ. ಅರ್ಜಿದಾರರ ಮನೇಲೇ ದಿನಾ ಇರ್ತಿದ್ರು. ಇಪ್ಪತ್ತಾರು ವರ್ಷ ಬರೆದದ್ದೆಲ್ಲ ಸುಳ್ಳಂತೆ, ಮಗಳ ಕೇಸು ಸೋಲೋ ಹೊತ್ತಿಗೆ ಹೇಳ್ತಿರೋದು ನಿಜವಂತೆ. ತಂದೆಯ ಕರುಳು, ನನಗೆ ಅರ್ಥ ಆಗುತ್ತೆ. ಆದ್ರೆ ಇಂಥ ದೊಡ್ಡ ತೀರ್ಮಾನ ಕರುಳಿನ ಮೇಲೆ ನಿಲ್ಲಲ್ಲ.”

ಬೆಂಚುಗಳಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಸುಣ್ಣಪ್ಪ ಹುಟ್ಟಿದ ಮೇಲೆ ಮೊದಲ ಸಲ ಏಳನೇ ಬಾವಿಯ ಮಳೆಗಾಲದ ನೀರಿನ ಬಗ್ಗೆ ನಿಜ ಹೇಳಿದ್ದ. ಅದನ್ನು ಯಾರೂ ನಂಬಲಿಲ್ಲ. ಅವನ ಸುಳ್ಳನ್ನು ಸರಕಾರ ನಂಬಿತ್ತು, ವಿಜ್ಞಾನಿಗಳು ನಂಬಿದ್ದರು, ಈಗ ಕೋರ್ಟೂ ನಂಬಿತು.

ತೀರ್ಪು ಎರಡು ತಿಂಗಳ ಮೇಲೆ ಬಂತು. ಅಪಾಯ ಹೆಚ್ಚೋ ಕಡಿಮೆಯೋ ಎಂದು ತೂಗುವುದು ಪರಿಣತರಾದ ಪ್ರಾಧಿಕಾರದ ಕೆಲಸ, ಅದರ ಕುರ್ಚಿಯಲ್ಲಿ ತಾವು ಕೂರುವಂತಿಲ್ಲ. ತೀರ್ಮಾನದ ದಿನ ಪ್ರಾಧಿಕಾರದ ಮುಂದೆ ಏನಿತ್ತೋ ಅದನ್ನಷ್ಟೇ ತಾವು ನೋಡಬಹುದು, ಆಮೇಲೆ ಹುಟ್ಟಿಕೊಂಡ ಹೇಳಿಕೆಯನ್ನಲ್ಲ. ಮುಂದೆ ಇದ್ದದ್ದು ‘ಶ್ರದ್ಧಾವಂತ ನೌಕರನೊಬ್ಬ ಎರಡೂವರೆ ದಶಕ ಅವಿಚ್ಛಿನ್ನವಾಗಿ ಇಟ್ಟ ದಾಖಲೆ’. ಅರ್ಜಿ ವಜಾ. ಕಾನೂನು ಬಲ್ಲವರು ತೀರ್ಪನ್ನು ಓದಿ, ಒಂದು ಅಕ್ಷರವೂ ತಪ್ಪಿಲ್ಲ ಎಂದರು. ಇರಬಹುದು. ತಪ್ಪಿಲ್ಲದ ಕಾಗದಗಳನ್ನು ಒಂದರ ಮೇಲೊಂದು ಪೇರಿಸಿಯೇ ಆ ಗುಡ್ಡವನ್ನು ಅಗೆದದ್ದು. ಎಲ್ಲಕ್ಕೂ ಅಡಿಯಲ್ಲಿ ಸುಣ್ಣಪ್ಪನ ಕಾಗದ.

ಮಗಳು ಜಗಳವಾಡಲಿಲ್ಲ. ಜಗಳವಾಡಿದ್ದರೆ ಒಳ್ಳೆಯದಿತ್ತು. ಮರುದಿನದಿಂದ ಮಧ್ಯಾಹ್ನದ ಊಟ, ಇಸ್ತ್ರಿ ಮಾಡಿದ ಹೊದಿಕೆಗಳನ್ನು ಆಸ್ಪತ್ರೆಗೆ ಒಯ್ಯುವ ಗಾಡಿಯಲ್ಲಿ ಡಬ್ಬಿಯಾಗಿ ಬರತೊಡಗಿತು. ಬಿಸಿಯಾಗೇ ಇರುತ್ತಿತ್ತು, ಉಪ್ಪು ಖಾರ ಸರಿಯಾಗೇ ಇರುತ್ತಿತ್ತು. ಊಟ ಕಳಿಸುತ್ತಿದ್ದಳು, ಕರೆಯುತ್ತಿರಲಿಲ್ಲ. ಖಾಲಿ ಡಬ್ಬಿ ತೊಳೆದು ಗಾಡಿಯವನ ಕೈಗೆ ಕೊಡುವಾಗ ಸುಣ್ಣಪ್ಪ “ಏನಾದ್ರೂ ಹೇಳಿದ್ಲಾ?” ಎಂದು ಕೇಳುತ್ತಿದ್ದ. ಗಾಡಿಯವನು “ಇಲ್ಲ ಯಜಮಾನ್ರೆ” ಎನ್ನುತ್ತಿದ್ದ. ಕೆಲವು ತಿಂಗಳಾದ ಮೇಲೆ ಕೇಳುವುದನ್ನು ಬಿಟ್ಟ.

ಮಳೆಗಾಲ ಬಂತು. ಒಂದು ಬೆಳಿಗ್ಗೆ ಬಾಗಿಲು ತಟ್ಟಿದ್ದು ಇಲಾಖೆಯ ಹೊಸ ಅಳತೆಗಾರ್ತಿ. ಮೂವತ್ತೈದು ದಾಟಿದವಳು, ಮುಂಚೆ ಬಸ್ಸಿನಲ್ಲಿ ಕಂಡಕ್ಟರಾಗಿದ್ದಳಂತೆ. ಕೈಯಲ್ಲಿ ಅದೇ ನೀಲಿ ರಟ್ಟಿನ ಪುಸ್ತಕ.

“ಸಾರ್, ಏಳನೇ ಬಾವಿಗೆ ಹೋಗಕ್ಕಾಗ್ತಿಲ್ಲ. ಹಳ್ಳ ತುಂಬಿದೆ. ಖಾಲಿ ಬಿಟ್ರೆ ವಾಪಸ್ ಬರುತ್ತಂತೆ. ಹಳೇ ಅಂಕಿ ಹಾಕು ಅಂತಾರೆ ಎಲ್ರೂ. ನೀವೇನು ಮಾಡ್ತಿದ್ರಿ?”

ಸುಣ್ಣಪ್ಪನಿಗೆ ನಗು ಬಂತೋ ಅಳು ಬಂತೋ ಹೇಳುವುದು ಕಷ್ಟ. “ದಾರಿ ಇದೆಯಮ್ಮ” ಎಂದ. “ಗುಡ್ಡದ ಹಿಂದಿಂದ, ಹಳ್ಳ ಹುಟ್ಟೋ ಜಾಗ ಬಳಸಿ ಹೋಗ್ಬೇಕು. ಹೋಗಿ ಬರೋಕೆ ಒಂದು ಇಡೀ ದಿನ.”

“ನೀವು ಹಾಗೆ ಹೋಗ್ತಿದ್ರಾ?”

“ಇಲ್ಲ” ಎಂದ. ಇಪ್ಪತ್ತಾರು ವರ್ಷದಲ್ಲಿ ಆ ಸುತ್ತುದಾರಿಯನ್ನು ಅವನು ಒಂದು ಸಲವೂ ತುಳಿದಿರಲಿಲ್ಲ. ದಾರಿ ಇಲ್ಲವೆಂದಲ್ಲ, ದೂರವೆಂದು. ಕೋಲು ತೆಗೆದುಕೊಂಡು ಎದ್ದ. “ನಡಿ, ನಾನೂ ಬರ್ತೀನಿ.”

ಅರವತ್ತೈದು ದಾಟಿದ ಕಾಲು, ಜಾರುವ ಮಣ್ಣು. ಮೂರು ಕಡೆ ಬಿದ್ದ. ಹೊಸಬಳು ಎಬ್ಬಿಸಿ ಕೈ ಹಿಡಿದು ನಡೆಸಿದಳು. ಆಚೆ ಇಳಿಜಾರಿನಲ್ಲಿ ಲಾರಿಗಳು ಆಗಲೇ ಮಣ್ಣು ಹೊರುತ್ತಿದ್ದವು. ಬಾವಿಯ ಬಳಿ ಅವನು ಜೇಬಿಗೆ ಕೈ ಹಾಕಿ ಸೀಮೆಸುಣ್ಣ ತೆಗೆದು ತಾನೇ ಟೇಪಿಗೆ ಬಳಿದ. ಹತ್ತು ಮೀಟರು ಎಂಬತ್ತು. ಮತ್ತೆ ಬಿಟ್ಟ. ಹತ್ತು ಮೀಟರು ಎಂಬತ್ತು. “ಬರಿ” ಎಂದ. ಅವಳು ಬರೆದಳು. ಅಷ್ಟು ವರ್ಷಗಳಲ್ಲಿ ಆ ಪುಸ್ತಕದಲ್ಲಿ ಏಳನೇ ಬಾವಿಯ ಮಳೆಗಾಲದ ಮೊದಲ ನಿಜವಾದ ಅಳತೆ ಅದು. ಇಳಿದು ಬರುವಾಗ ಮುದುಕನಿಗೆ ಮೈಯೆಲ್ಲ ನೋವಿತ್ತು, ಮನಸ್ಸು ಮಾತ್ರ ಹಗುರಾಗಿತ್ತು. ಇದು ಇನ್ನು ಕಡತದ ಒಳಗೇ ಇರುವ ಕಾಗದ, ಯಾರೂ ಇಲ್ಲವೆನ್ನುವಂತಿಲ್ಲ ಎಂದುಕೊಂಡ.

ಮೂರು ವಾರದ ಮೇಲೆ ಅವಳು ಮತ್ತೆ ಬಂದಳು. ಒಳಗೆ ಬರದೆ ಹೊಸ್ತಿಲಲ್ಲೇ ನಿಂತು ಒಂದು ಚೀಟಿ ಕೊಟ್ಟು, “ತಪ್ಪು ತಿಳ್ಕೋಬೇಡಿ ಸಾರ್. ನಂದಿನ್ನೂ ಕೆಲಸ ಖಾಯಂ ಆಗಿಲ್ಲ” ಎಂದು ಏನೇನೋ ಹೇಳಿ ಹೊರಟುಹೋದಳು. ಸುಣ್ಣಪ್ಪ ಚೀಟಿ ಓದಿ, ಚಪ್ಪಲಿ ಮೆಟ್ಟಿಕೊಂಡು, ನಾಲ್ಕು ಬೀದಿ ದಾಟಿ ಲಾಂಡ್ರಿಗೆ ಬಂದ. ಯಾರೂ ಕರೆದಿರಲಿಲ್ಲ.

ಮಗಳು ಮೇಜಿನ ಮುಂದೆ ಇದ್ದಳು. ಎದುರು ಗೋಡೆಯಲ್ಲಿ, ಪ್ರಶಂಸಾಪತ್ರ ಇದ್ದ ಜಾಗದಲ್ಲಿ, ಬರೀ ಮೊಳೆ ಇತ್ತು. ಅವನು ಚೀಟಿಯನ್ನು ಬಿಳಿ ಹೊದಿಕೆಯ ಮೇಲಿಟ್ಟ. ಅವಳು ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ ಓದಿದಳು.

‘ಬಾವಿ ೭. ಅಳತೆ ೧೦.೮೦ ಸ್ವೀಕಾರಾರ್ಹವಲ್ಲ. ನ್ಯಾಯಾಲಯವೂ ಒಪ್ಪಿರುವ ಹಿಂದಿನ ಇಪ್ಪತ್ತಾರು ವರ್ಷಗಳ ದಾಖಲೆಗೆ ತಾಳೆಯಾಗುವುದಿಲ್ಲ. ಅಳೆಯುವುದರಲ್ಲಿ ತಪ್ಪಾಗಿದೆ. ತಿದ್ದಿ ಕಳುಹಿಸಿ.’

ಎರಡನೇ ಸಲ ಓದಿದಳು. ತಂದೆಯ ಮುಖ ನೋಡದೆ ಕೇಳಿದಳು.

“ಏನು ಮಾಡಿದ್ಲು ಆ ಹೊಸ ಅಳತೆಗಾರ್ತಿ?”

“ತಿದ್ದಿದ್ಲು.”

“ಎಷ್ಟು ಅಂತ?”

“ಮೂವತ್ತೊಂದು.”

ಆ ಹೆಂಗಸಿನ ಮೇಲೆ ಸಿಟ್ಟು ಮಾಡಿಕೊಳ್ಳಲು ಅವನು ದಾರಿಯುದ್ದಕ್ಕೂ ಪ್ರಯತ್ನಿಸಿದ್ದ. ಅದಕ್ಕೆ ಬೇಕಾದ ಮುಖ ಅವನಿಗೆ ಉಳಿದಿರಲಿಲ್ಲ. ಹಿತ್ತಲಿನಲ್ಲಿ ಬಾವಿಯ ಪಂಪು ಓಡುತ್ತಿತ್ತು. ಮಗಳು ಚೀಟಿಯನ್ನು ಮಡಿಸಿ ಅವನ ಬಿಳಿಯ ಜೇಬಿಗೆ ಹಾಕಿ, ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು.